ಹೊಡೆಸಿಕೊಳ್ಳುವವನು

ಮಿನೊಬೆಯ ಹೆಸರು ಪೇಪರಿನಲ್ಲಿ ಬಂದಿತ್ತು. ಹೋಟೆಲಿನ ಊಟದ ಹಾಲಿನಲ್ಲಿ ಅನ್ನದ ಬಟ್ಟಲನ್ನು ಎಡಗೈಯಲ್ಲಿ ಹಿಡಿದುಕೊಂಡೇ ಕಸುಗಾ ಆ ಸಾಲನ್ನು ಮೂರು ಸಲ ಓದಿದ. ಕ್ರೀಡಾ ಪತ್ರಿಕೆಯ ಐದನೆಯ ಪುಟ. ಮೇಲೆ ಹೋಷಿನಾನ ದೊಡ್ಡ ಫೋಟೊ, ಬ್ಯಾಟು ಬೀಸಿ ಮುಗಿಸಿ ಬಾಲು ಹೋದ ದಿಕ್ಕಿಗೆ ಕತ್ತೆತ್ತಿದ್ದಾನೆ. ಹೊಸ ಬೇಸ್‌ಬಾಲ್ ಸೀಸನ್ನಿನಲ್ಲಿ ಈ ತಂಡದ ಬ್ಯಾಟಿಂಗ್ ಯಾರನ್ನು ನಂಬಿಕೊಂಡಿದೆ ಎಂದು ಮೂವರು ಎಳೆಯರ ಹೆಸರು ಕೊಟ್ಟು, ಮೊದಲಿಗೆ ಅವನನ್ನೇ ಇಟ್ಟಿದ್ದರು. ನಿನ್ನೆಯ ಅಭ್ಯಾಸದಲ್ಲಿ ಅರವತ್ತು ಬಾಲಿಗೆ ಬೇಲಿ ದಾಟಿದ್ದು ಇಪ್ಪತ್ತಮೂರು. ಅದೆಲ್ಲ ಸರಿಯೇ, ಅದನ್ನು ಕಸುಗಾ ತಾನೇ ಕಣ್ಣಾರೆ ನೋಡಿದ್ದ. ಕೆಳಗೆ, ಇನ್ನೇನು ಜಾಹೀರಾತು ಶುರುವಾಗಬೇಕು ಎನ್ನುವ ಜಾಗದಲ್ಲಿ, 'ಮಿನೊಬೆ ಸಾನ್ ಹಾಕುವ ಬಾಲಿನಲ್ಲಿ ಜೀವ ಇದೆ' ಎಂದು ಹೋಷಿನಾ, ಹಿರಿಯನ ಹೆಸರಿಗೆ ಮರ್ಯಾದೆಯ 'ಸಾನ್' ಸೇರಿಸಿ, ನಗುತ್ತ ಹೇಳಿದನಂತೆ. ಬ್ಯಾಟುಗಾರರ ಅಭ್ಯಾಸಕ್ಕೆಂದೇ ಬಾಲು ಹಾಕುವ ಈ ಕೆಲಸದಲ್ಲಿ ಹನ್ನೊಂದು ವರ್ಷ ಕಳೆದರೂ ಪ್ರಾಕ್ಟೀಸ್ ಪಿಚರ್ ಒಬ್ಬನ ಹೆಸರನ್ನು ಪೇಪರಿನಲ್ಲಿ ಕಸುಗಾ ಕಂಡವನಲ್ಲ. ಬ್ಯಾಟುಗಾರ ಬೇಲಿ ದಾಟಿಸಿದ ಲೆಕ್ಕ ಬರುತ್ತದೆ, ಅವನ ಬ್ಯಾಟಿನ ತೂಕ ಬರುತ್ತದೆ, ಅವನು ಬೆಳಿಗ್ಗೆ ತಿಂದ ಮೊಟ್ಟೆ ಎಷ್ಟು ಎನ್ನುವುದೂ ಬರುತ್ತದೆ. ಬಾಲು ಹಾಕಿದವನ ಹೆಸರು ಬರುವುದಿಲ್ಲ. ಯಾರದ್ದೂ ಬರುವುದಿಲ್ಲವಲ್ಲ ಎನ್ನುವುದೇ ಇಷ್ಟು ವರ್ಷ ಅವನಿಗೆ ಒಂದು ನೆಮ್ಮದಿಯಾಗಿತ್ತು. ಈಗ ಈ ಕೆಲಸಕ್ಕೆ ಸೇರಿ ಇನ್ನೂ ತಿಂಗಳು ತುಂಬದ ಮಿನೊಬೆಯದ್ದು ಬಂದಿದೆ.

ಮಿನೊಬೆ ಎದುರಿನ ಕುರ್ಚಿಯಲ್ಲೇ ಕೂತು ಸುಟ್ಟ ಮೀನಿನ ಮುಳ್ಳು ಬಿಡಿಸುತ್ತಿದ್ದ. ಇಪ್ಪತ್ತೆಂಟು ವರ್ಷ. ಹೋದ ಶರತ್ಕಾಲದವರೆಗೂ ಇದೇ ತಂಡದಲ್ಲಿ ಪಂದ್ಯಕ್ಕೆ ಬಾಲು ಹಾಕುವ ನಿಜವಾದ ಪಿಚರ್ ಆಗಿದ್ದ, ಕೈಬಿಟ್ಟರು, ಈ ಕೆಲಸಕ್ಕೆ ಬಂದ.

"ಅಯ್ಯೋ, ಅದನ್ನ ಓದಬೇಡಿ ಕಸುಗಾ ಸಾನ್," ಎಂದ. "ಅವನು ಬಾಯಿಗೆ ಬಂದಿದ್ದು ಹೇಳಿದಾನೆ. ನಂಗೇ ಒಂಥರಾ ಆಗ್ತಿದೆ."

"ಯಾಕಪ್ಪಾ? ಊರಿಗೆ ಕಳಿಸು. ಅಮ್ಮ ಕತ್ತರಿಸಿ ಇಟ್ಕೊಳ್ತಾರೆ."

"ಅಮ್ಮ ಆಗಲೇ ನಾಲ್ಕು ಪೇಪರ್ ತಗೊಂಡು ಬೀದಿಗೆಲ್ಲ ತೋರಿಸಿ ಆಯ್ತಂತೆ."

ಇಬ್ಬರೂ ನಕ್ಕರು. ಕಸುಗಾನಿಗೆ ನಗುವುದು ಚೆನ್ನಾಗಿ ಬರುತ್ತಿತ್ತು, ಅದರಲ್ಲಿ ಅವನು ಪಳಗಿದ್ದ. ಮಿಸೊ ಸಾರನ್ನು ಒಂದೇ ಗುಟುಕಿಗೆ ಕುಡಿದು ಎದ್ದ. ಮೈದಾನಕ್ಕೆ ಬಸ್ಸಿದ್ದರೂ ಸಮುದ್ರದ ದಂಡೆಯ ರಸ್ತೆ ಹಿಡಿದು ನಡೆದ. ಫೆಬ್ರವರಿಯ ಕೊನೆ, ತರಬೇತಿ ಕ್ಯಾಂಪಿನ ಕೊನೆಯ ದಿನ. ದಕ್ಷಿಣದ ಊರು ಎಂದು ಬೆಚ್ಚಗಿನ ಆಸೆಗೆ ಇಲ್ಲಿಗೆ ಬರುವುದು, ಬಂದ ಮೇಲೆ ಇಡೀ ತಿಂಗಳು ಗಾಳಿಗೆ ಬೆರಳು ಉಜ್ಜಿಕೊಳ್ಳುವುದು. ಜೀವ ಇದೆಯಂತೆ. ಮಿನೊಬೆಯ ಬಾಲಿನಲ್ಲಿ ಜೀವ ಇದ್ದರೆ ತನ್ನದರಲ್ಲಿ ಏನಿದೆ? ಬ್ಯಾಟುಗಾರನ ಮೈಗೆ ತಗುಲಿದ ಬಾಲಿಗೆ ಈ ಆಟದಲ್ಲಿ ಸತ್ತ ಬಾಲು ಎನ್ನುತ್ತಾರೆ. ಹನ್ನೊಂದು ವರ್ಷದಲ್ಲಿ, ದಿನಕ್ಕೆ ನೂರಿಪ್ಪತ್ತರ ಲೆಕ್ಕದಲ್ಲಿ, ಕಸುಗಾ ಒಬ್ಬನ ಮೈಗೂ ಬಾಲು ತಗುಲಿಸಿದವನಲ್ಲ. ಆದರೂ ಸತ್ತ ಬಾಲು ಎನ್ನುವ ಮಾತು ಹೋಟೆಲಿನಿಂದ ಅವನ ಹಿಂದೆಯೇ ಬಂದು, ಬಂದರಿನ ತಿರುವಿನಲ್ಲೂ ಬಿಡದೆ, ಮೈದಾನದ ಗೇಟಿನವರೆಗೂ ಬಂತು. ಗೇಟಿನ ಕಾವಲಿನ ಮುದುಕ ಎಂದಿನಂತೆ ಟೋಪಿ ತೆಗೆದು ನಮಸ್ಕರಿಸಿದಾಗ, ಇವನೂ ಪೇಪರ್ ಓದಿರಬಹುದೇ ಎಂದು ಕಸುಗಾನಿಗೆ ಅನ್ನಿಸಿತು. ಇಂಥ ಕ್ಷುಲ್ಲಕ ಯೋಚನೆಗಳು ತನಗೆ ಬರುತ್ತವೆ ಎಂದು ಯಾರಿಗೂ ಗೊತ್ತಿಲ್ಲದಿರುವುದು ಒಂದು ಪುಣ್ಯ.

ಈ ಕೆಲಸದವರು ಬಾಲು ಹಾಕುತ್ತೇವೆ ಎನ್ನುವುದಿಲ್ಲ, ಹೊಡೆಸಿಕೊಳ್ಳುತ್ತೇವೆ ಎನ್ನುತ್ತಾರೆ. ಸಂಜೆ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತು, ಇವತ್ತು ಹಾಯಾಗಿ ಹೊಡೆಸಿಕೊಂಡೆ ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಮೊದಲ ಸಲ ಈ ಮಾತನ್ನು ಕೇಳಿದಾಗ ಕಸುಗಾನಿಗೆ ಇಪ್ಪತ್ತಾರು ವರ್ಷ. ಪಿಚರ್ ಆಗಿ ತಂಡದಲ್ಲಿ ಎಂಟು ವರ್ಷ ಇದ್ದು, ಗೆದ್ದದ್ದು ಒಂದೇ ಆಟ. ಅದೂ ಮಳೆಗೆ ಒಂಬತ್ತರ ಬದಲು ಐದೇ ಇನ್ನಿಂಗ್ಸಿಗೆ ನಿಂತ ಆಟ. ಅಕ್ಟೋಬರಿನ ಒಂದು ಬೆಳಿಗ್ಗೆ ಕಚೇರಿಗೆ ಕರೆದು, ಚಹಾ ಕೊಟ್ಟು, ಮುಂದಿನ ವರ್ಷಕ್ಕೆ ನಿಮ್ಮನ್ನು ಇಟ್ಟುಕೊಳ್ಳಲು ಆಗುತ್ತಿಲ್ಲ ಎಂದರು. ಪ್ರಾಕ್ಟೀಸಿಗೆ ಬಾಲು ಹಾಕುವ ಕೆಲಸ ಇದೆ, ಮಾಡುತ್ತೀರಾ ಎಂದು ಕೇಳಿದರು. ಅಲ್ಲಿದ್ದ ಒಬ್ಬರು, ವಾತಾವರಣ ತಿಳಿ ಮಾಡಲೆಂದೇ ಇರಬೇಕು, "ಹೊಡೆಸಿಕೊಳ್ಳೋದರಲ್ಲಿ ನಿಮ್ಮಷ್ಟು ಅನುಭವ ಬೇರೆ ಯಾರಿಗಿದೆ ಹೇಳಿ" ಎಂದಿದ್ದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಮೊದಲು ನಕ್ಕವನು ಕಸುಗಾ. ಹೊಡೆಸಿಕೊಳ್ಳುವುದಕ್ಕೂ ಹೊಡೆತ ತಿನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಕಲಿಯಲು ಅವನಿಗೆ ಮೂರು ವರ್ಷ ಹಿಡಿಯಿತು. ಬ್ಯಾಟುಗಾರನಿಗೆ ಎಲ್ಲಿ ಬೇಕೋ ಅಲ್ಲಿಗೆ, ಅದೇ ವೇಗಕ್ಕೆ, ಅದೇ ಲಯಕ್ಕೆ, ಉಸಿರು ಎಳೆದು ಬಿಡುವಷ್ಟು ಸಲೀಸಾಗಿ ಹಾಕಬೇಕು. ತಪ್ಪಿ ಒಂದು ಬಾಲು ಅತ್ತಿತ್ತ ಹೋದರೆ ಟೋಪಿ ಎತ್ತಿ ಕ್ಷಮೆ ಕೇಳಬೇಕು. ಎದುರಿಗಿರುವವನು ಹದಿನೆಂಟು ವರ್ಷದವನಾದರೂ ಸರಿ, ಟೋಪಿ ಎತ್ತಬೇಕು.

ಹದಿನೆಂಟು ವರ್ಷದವನಾಗಿಯೇ ಬಂದಿದ್ದ ಹೋಷಿನಾ, ಎರಡು ವರ್ಷದ ಹಿಂದೆ, ಉತ್ತರದ ಒಂದು ಮೀನುಗಾರರ ಊರಿನಿಂದ. ಎಡಗೈ ಬ್ಯಾಟು. ತೋಳು ಉದ್ದ, ಮಾತು ಕಡಿಮೆ, ಹೊಡೆದ ಬಾಲೆಲ್ಲ ನೆಲಕ್ಕೆ. ಮೊದಲ ವರ್ಷ ಅವನ ಕಡೆ ತಿರುಗಿ ನೋಡಿದವರಿಲ್ಲ. ಎಲ್ಲರ ಅಭ್ಯಾಸ ಮುಗಿದ ಮೇಲೆ, ಬಲೆಗಳನ್ನು ಸುತ್ತಿಡುವ ಹೊತ್ತಿಗೆ, "ಕಸುಗಾ ಸಾನ್, ಇನ್ನೊಂದು ಬುಟ್ಟಿ ಹಾಕ್ತೀರಾ?" ಎಂದು ನೆಲ ನೋಡಿಕೊಂಡು ಕೇಳುತ್ತಿದ್ದ. ಹಾಕಿದ. ಸೊಂಟದ ಎತ್ತರಕ್ಕೆ, ನಡುವಿನಿಂದ ಎರಡು ಬಾಲಿನಷ್ಟು ಹೊರಗೆ: ಅಲ್ಲಿಗೆ ಹಾಕಿದರೆ ಆ ತೋಳು ತನ್ನಷ್ಟಕ್ಕೇ ಬಿಚ್ಚಿಕೊಳ್ಳುತ್ತದೆ ಎಂದು ಕಂಡುಹಿಡಿದವನು ಕಸುಗಾ. ಅದನ್ನು ಯಾರಿಗೂ ಹೇಳಲಿಲ್ಲ, ಹೋಷಿನಾನಿಗೂ ಹೇಳಲಿಲ್ಲ. ಸುಮ್ಮನೆ ಅಲ್ಲಿಗೇ ಹಾಕಿದ, ಎರಡು ವರ್ಷ. ಬಾಲು ನೆಲ ಬಿಟ್ಟು ಏಳತೊಡಗಿದ ದಿನ ಮನೆಗೆ ಹೋಗಿ ಹೆಂಡತಿ ಸಯೊಕೊಗೆ ವಿವರವಾಗಿ ಹೇಳುತ್ತಿದ್ದಾಗ ಅವಳು, "ಆ ಹುಡುಗನ ವಿಷಯ ಬಂದಾಗ ನಿಮ್ಮ ಮುಖ ಒಂದ್ಸಲ ಕನ್ನಡೀಲಿ ನೋಡ್ಕೊಳ್ಳಿ" ಎಂದಿದ್ದಳು. ಏನು ಕಾಣುತ್ತದೆ ಎಂದು ಅವಳೂ ಹೇಳಲಿಲ್ಲ, ಅವನೂ ಕೇಳಲಿಲ್ಲ. ಕೊಡುವವನ ಸಂತೋಷವೆಂದು ಆಗ ಅಂದುಕೊಂಡಿದ್ದ. ಕೊಟ್ಟವನಿಗೆ ಇಷ್ಟು ಉರಿಯುವುದಿಲ್ಲ ಎಂದು ಈಗ ಗೊತ್ತಾಗುತ್ತಿದೆ.

ಮೈದಾನದ ಒಳಗೋಡೆಯ ಹಲಗೆಯ ಮೇಲೆ ಪಟ್ಟಿ ಅಂಟಿಸಿದ್ದರು. ಹತ್ತೂವರೆಗೆ ಹೋಷಿನಾ, ಬಾಲು ಹಾಕುವವನು ಮಿನೊಬೆ. ಇದು ಮೂರನೆಯ ದಿನ. ಬ್ಯಾಟಿಂಗ್ ಕೋಚ್ ದೊಯಿ ಹತ್ತಿರ ಹೋಗಿ ಕೇಳಬಹುದಿತ್ತು, ಆದರೆ ಏನೆಂದು ಕೇಳುವುದು? ಮೂವತ್ತೇಳು ವರ್ಷದವನು ನನಗೆ ಆ ಹುಡುಗನೇ ಬೇಕು ಎನ್ನುವುದೇ? ಇವತ್ತು ತಂಡವನ್ನು ಆರಿಸುವ ಮ್ಯಾನೇಜರ್ ಬಲೆಯ ಹಿಂದೆ ನಿಂತು ನೋಡುತ್ತಾರೆ. ಸಂಜೆಗೆ ಮೂವರು ಎಳೆಯರಲ್ಲಿ ಒಬ್ಬನನ್ನು ಮೊದಲನೆಯ ತಂಡಕ್ಕೆ ಉಳಿಸಿಕೊಂಡು ಇಬ್ಬರನ್ನು ಎರಡನೆಯ ತಂಡಕ್ಕೆ ಕಳಿಸುತ್ತಾರೆ. ಉಳಿಯುವವನು ಯಾರೆಂದು ಎಲ್ಲರಿಗೂ ಗೊತ್ತೇ ಇತ್ತು. ಉಳಿದವನ ಜೊತೆಗೆ ಸೀಸನ್ನಿಡೀ ಊರೂರು ತಿರುಗಿ, ಪ್ರತಿ ಆಟಕ್ಕೆ ಮುಂಚೆ ಅವನ ತೋಳು ಬಿಚ್ಚಿಸುವವನು ಯಾರು ಎನ್ನುವುದೊಂದೇ ಕಸುಗಾನ ಪ್ರಶ್ನೆ. ಅದನ್ನು ಬ್ಯಾಟುಗಾರನೇ ಆರಿಸುತ್ತಾನೆ, ಅದು ರೂಢಿ. ಇಪ್ಪತ್ತು ವರ್ಷದ ಆ ಹುಡುಗ ಬಾಯಿಬಿಟ್ಟು ತನ್ನ ಹೆಸರು ಹೇಳಬೇಕು. ಬೇರೇನೂ ಬೇಡ, ಹೆಸರು ಹೇಳಿದರೆ ಸಾಕು.

ಹಲಗೆಯ ಮುಂದೆ ತಾನು ಎಷ್ಟು ಹೊತ್ತಿನಿಂದ ನಿಂತಿದ್ದೇನೆ ಎಂದು ಅವನಿಗೆ ತಿಳಿದದ್ದು ಮಿನೊಬೆ ಪಕ್ಕಕ್ಕೆ ಬಂದು ಮಾತಾಡಿಸಿದಾಗ.

"ಇವತ್ತು ಹೋಷಿನಾಗೆ ನೀವೇ ಹಾಕಿ ಕಸುಗಾ ಸಾನ್. ದೊಯಿ ಸಾನ್‌ಗೆ ನಾನು ಹೇಳಿದೀನಿ."

"ಯಾಕೆ? ಭುಜ ನೋವಾ?"

"ಹಾಗೇನಿಲ್ಲ. ಮ್ಯಾನೇಜರ್ ನೋಡೋ ದಿನ. ನನ್ನ ಕೈ ನಂಗೇ ನಂಬಿಕೆ ಇಲ್ಲ. ನೀವಾದ್ರೆ ಅವನು ಕಣ್ಮುಚ್ಕೊಂಡು ಹೊಡೀತಾನೆ."

"ಪೇಪರಲ್ಲಿ ಹೆಸರು ಬಂದೋನು ಹಿಂಗೆ ಓಡಿಹೋದ್ರೆ ಹೆಂಗಪ್ಪಾ."

"ಕಾಲೆಳೀಬೇಡಿ," ಎಂದು ಮಿನೊಬೆ ತಲೆ ಕೆರೆದುಕೊಂಡ. ಅವನ ಮುಖದಲ್ಲಿ ಕುತಂತ್ರ ಏನಾದರೂ ಇದೆಯೇ ಎಂದು ಕಸುಗಾ ಹುಡುಕಿದ. ಇದ್ದಿದ್ದರೆ ಒಳ್ಳೆಯದಿತ್ತು. ತನಗೆ ಸೇರಿದ್ದನ್ನೇ ಇವನು ದಾನದ ಹಾಗೆ ಕೊಡುತ್ತಿದ್ದಾನೆ, ಅದೂ ತಲೆಬಾಗಿ, ಹಿರಿಯನಿಗೆ ತೋರಿಸಬೇಕಾದ ಮರ್ಯಾದೆಯೆಲ್ಲವನ್ನೂ ತೋರಿಸಿ. ಬೈದುಕೊಳ್ಳುವುದಕ್ಕೂ ಒಂದು ಎಳೆ ಸಿಗಲಿಲ್ಲ.

ಹತ್ತೂವರೆಗೆ ಕಸುಗಾ, ಹೊಡೆದ ಬಾಲು ಮೈಗೆ ತಗುಲದಂತೆ ಕಾಯುವ ತಡಿಕೆಬಲೆಯ ಹಿಂದೆ ನಿಂತ. ಮೊಣಕಾಲಿನ ಪಕ್ಕಕ್ಕೆ ಬಾಲಿನ ಬುಟ್ಟಿ. ಎದುರಿನ ಬಲೆಯ ಪಂಜರದಲ್ಲಿ ಹೋಷಿನಾ ಹೆಲ್ಮೆಟ್ ಮುಟ್ಟಿ ಬಾಗಿದ. ಪಂಜರದ ಹಿಂದೆ ಕಪ್ಪು ಕನ್ನಡಕದ ಮ್ಯಾನೇಜರ್, ಪಕ್ಕದಲ್ಲಿ ಕೈಕಟ್ಟಿದ ದೊಯಿ. ಮೊದಲನೆಯ ಬಾಲು ಸೊಂಟದ ಎತ್ತರಕ್ಕೆ, ಎರಡು ಬಾಲು ಹೊರಗೆ. ತೋಳು ಬಿಚ್ಚಿಕೊಂಡಿತು, ಬಾಲು ತಲೆಯ ಮೇಲಿಂದ ಹೋಯಿತು, ಕಸುಗಾ ತಿರುಗಿ ನೋಡಲಿಲ್ಲ. ಸದ್ದು ಕೇಳಿದರೆ ಸಾಕು, ಎಲ್ಲಿ ಬಿದ್ದಿತೆಂದು ತಿಳಿಯುತ್ತದೆ. ಎರಡನೆಯದು, ಮೂರನೆಯದು. ಮೈದಾನದ ಅಂಚಿನ ದಿಬ್ಬದ ಮೇಲೆ ಕೂತ ಅಭಿಮಾನಿಗಳು ಬೇಲಿ ದಾಟಿದ್ದನ್ನು ಒಟ್ಟಿಗೆ ಎಣಿಸತೊಡಗಿದರು. ಬೆಳಗಿನಿಂದ ಎದೆಯಲ್ಲಿ ಕೂತಿದ್ದದ್ದು ಸ್ವಲ್ಪ ಸ್ವಲ್ಪವಾಗಿ ಕರಗುತ್ತಿತ್ತು. ಇಷ್ಟೇ ಬೇಕಿದ್ದದ್ದು ಅಲ್ಲವೇ, ಇವನೂ ನಾನೂ ಒಂದೇ ಉಸಿರು, ಪೇಪರಿನವರಿಗೆ ಏನು ಗೊತ್ತು ಎಂದುಕೊಂಡ. ಹನ್ನೆರಡನೆಯ ಬಾಲು ಬೇಲಿಯನ್ನಷ್ಟೇ ಅಲ್ಲ, ಬೇಲಿಯ ಹಿಂದಿನ ದೇವದಾರು ಮರಗಳನ್ನೂ ದಾಟಿ ರಸ್ತೆಗೆ ಬಿತ್ತು. ಜನ ಎದ್ದು ನಿಂತರು. ಕಸುಗಾನೂ ಈ ಸಲ ತಡೆಯಲಾರದೆ ತಿರುಗಿ ನೋಡಿದ. ನೋಡಿ ಮತ್ತೆ ಪಂಜರದ ಕಡೆ ತಿರುಗಿ, ಹುಡುಗನ ಕಣ್ಣನ್ನು ಹುಡುಕಿದ. ಹೋಷಿನಾ ಅವನ ಭುಜದ ಮೇಲಿನಿಂದ ಆಚೆಗೆ, ಎರಡನೆಯ ಬೇಸಿನ ಹತ್ತಿರ ಬಾಲು ಕೂಡಿಸುತ್ತಿದ್ದ ಮಿನೊಬೆಯ ಕಡೆ ಬ್ಯಾಟು ಎತ್ತಿ, ಹಲ್ಲು ಬಿಟ್ಟು, "ಮಿನೊಬೆ ಸಾನ್, ನೋಡಿದ್ರಾ?" ಎಂದು ಕೂಗಿದ.

ಹದಿಮೂರನೆಯ ಬಾಲನ್ನು ಬುಟ್ಟಿಯಿಂದ ಎತ್ತಿಕೊಂಡಾಗ ಬೆರಳುಗಳು ತಾವೇ ಜಾಗ ಬದಲಿಸಿಕೊಂಡವು. ಹಾಗೆಂದು ಅವನು ಆಮೇಲೆ ತನಗೆ ಹೇಳಿಕೊಂಡ. ಬೆರಳು ತಾನಾಗಿ ಏನನ್ನೂ ಮಾಡುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ನಡುಬೆರಳು ಹೊಲಿಗೆಯ ಅಂಚಿಗೆ ಸರಿಯಿತು, ಹನ್ನೊಂದು ವರ್ಷದಿಂದ ಹೋಗದಿದ್ದ ಜಾಗಕ್ಕೆ. ಕೈ ಅದೇ, ಲಯ ಅದೇ, ಹೊರಟ ಜಾಗವೂ ಅದೇ; ಬ್ಯಾಟಿನ ಹತ್ತಿರ ಬಂದಾಗ ಬಾಲು ಮೂರು ಬೆರಳಿನಷ್ಟು ಒಳಕ್ಕೆ, ಹುಡುಗನ ಮೈ ಕಡೆಗೆ ಜಾರಿತು. ಹೋಷಿನಾನ ಕೈಗೆ ಜುಮ್ಮೆಂದಿರಬೇಕು. ಹಿಡಿಯ ಹತ್ತಿರ ತಗುಲಿದ ಬಾಲು ನೆಲದ ಮೇಲೆ ಸೋತು ಉರುಳಿ ಕಸುಗಾನ ಕಾಲಬಳಿಗೇ ಬಂತು. ಈಗ ಟೋಪಿ ಎತ್ತಬೇಕು. ಎತ್ತಬೇಕು ಎಂದು ತೋಳಿಗೆ ಗೊತ್ತಿತ್ತು. ಅಷ್ಟರಲ್ಲಿ ಹೋಷಿನಾನೇ ಹೆಲ್ಮೆಟ್ಟಿಗೆ ಕೈಹಚ್ಚಿ ತಲೆಬಾಗಿಸಿ, "ತಪ್ಪಾಯ್ತು!" ಎಂದ. ಕಸುಗಾ ಟೋಪಿ ಎತ್ತಲಿಲ್ಲ. ಮುಂದಿನದನ್ನೂ ಹಾಗೇ ಹಾಕಿದ. ಅದರ ಮುಂದಿನದನ್ನು ನೇರಕ್ಕೆ, ಅದರ ಮುಂದಿನದನ್ನು ಮತ್ತೆ ಜಾರಿಸಿ. ಹದಿನೇಳನೆಯ ಬಾಲಿಗೆ ಬ್ಯಾಟು ಗಾಳಿಯನ್ನು ಹೊಡೆಯಿತು. ಆ ಸದ್ದನ್ನು, ಬ್ಯಾಟಿಗೆ ಏನೂ ತಗುಲದ ಆ ಬರಿ ಗಾಳಿಯ ಸದ್ದನ್ನು, ತಾನು ಹಾಕಿದ ಬಾಲಿಗೆ ಕೇಳಿ ಹನ್ನೊಂದು ವರ್ಷವಾಗಿತ್ತು. ಎಷ್ಟು ಸುಖವಾಯಿತೆಂದರೆ ಅವನಿಗೆ ಹೆದರಿಕೆಯಾಯಿತು. ಹೆದರಿಕೆಯಾಗಿಯೂ ನಿಲ್ಲಿಸಲಿಲ್ಲ. ಅಭಿಮಾನಿಗಳ ಎಣಿಕೆ ಆರಕ್ಕೆ ನಿಂತಿತ್ತು, ಆರರಲ್ಲೇ ಉಳಿಯಿತು. "ಏನೋ ಆಯ್ತು ನಿಂಗೆ? ರಾತ್ರಿ ಏನ್ ತಿಂದೆ?" ಎಂದು ದೊಯಿ ತಮಾಷೆಯಾಗಿ ಕೇಳಿದ್ದು, ಸ್ವಲ್ಪ ಹೊತ್ತಿನ ಮೇಲೆ "ಬಾಲ್ ನೋಡೋ, ಬಾಲ್" ಎಂದು ತಮಾಷೆಯಿಲ್ಲದೆ ಹೇಳಿದ್ದು ಕೇಳಿಸಿತು. ಹೋಷಿನಾ ಕಾಲಿನ ಜಾಗ ಬದಲಿಸಿದ, ಬ್ಯಾಟನ್ನು ಗಿಡ್ಡವಾಗಿ ಹಿಡಿದ, ಮತ್ತೆ ಉದ್ದವಾಗಿ ಹಿಡಿದ, ಪ್ರತಿ ಸಲವೂ ತಪ್ಪಾಯ್ತು ತಪ್ಪಾಯ್ತು ಎಂದು ತಲೆಬಾಗಿಸಿದ. ನಲವತ್ತನೆಯ ಬಾಲಿನಿಂದ ಕಸುಗಾ ಬೆರಳನ್ನು ಹಳೆಯ ಜಾಗಕ್ಕೆ ತಂದು, ಸೊಂಟದ ಎತ್ತರಕ್ಕೆ, ಎರಡು ಬಾಲು ಹೊರಗೆ, ಅಮೃತದಂಥ ಬಾಲುಗಳನ್ನು ಹಾಕಿದ. ಹುಡುಗ ಅವನ್ನೂ ಹೊಡೆಯಲಾರದೆ ಹೋದ. ಅರವತ್ತು ಮುಗಿಯುವ ಮೊದಲೇ ಮ್ಯಾನೇಜರ್ ಪಕ್ಕದ ಪಂಜರಕ್ಕೆ ಹೋಗಿಬಿಟ್ಟಿದ್ದರು.

ಬಾಲು ಕೂಡಿಸುವಾಗ ಮಿನೊಬೆ ಹತ್ತಿರ ಬಂದ. ಬಂದವನು ಕಸುಗಾನ ಮುಖ ನೋಡಲಿಲ್ಲ, ಬಲಗೈ ನೋಡಿದ. ಅವನೂ ಪಿಚರ್ ಆಗಿದ್ದವನು.

"ಈ ಹಾಳು ಗಾಳಿ," ಎಂದ. "ಬೆರಳು ಮರಗಟ್ಟಿರಬೇಕು ಅಲ್ವಾ ನಿಮಗೆ?"

"ಹೂಂ."

"ನಂಗೂ ಹಂಗೇ ಆಗುತ್ತೆ. ಬಾಲು ಒಂದೊಂದ್ಸಲ ಕೈಯಲ್ಲಿ ನಿಲ್ಲಲ್ಲ." ಅವನು ಇನ್ನೆರಡು ಬಾಲು ಎತ್ತಿ ಬುಟ್ಟಿಗೆ ಹಾಕಿದ. ಕಸುಗಾ ಏನಾದರೂ ಹೇಳಲಿ ಎಂದು ಕಾಯುತ್ತಿದ್ದನೋ, ಹೇಳದಿರಲಿ ಎಂದೋ. ಆಮೇಲೆ, "ದೊಯಿ ಸಾನ್‌ಗೆ ಒಂದ್ಮಾತು ಹೇಳಿಬಿಡಿ, ಚಳಿಗೆ ಹಂಗಾಯ್ತು ಅಂತ. ಮಧ್ಯಾಹ್ನದೊಳಗೆ ಹೇಳಿದ್ರೆ ಆಗುತ್ತೆ" ಎಂದು ಬುಟ್ಟಿ ಎತ್ತಿಕೊಂಡು ಹೋದ. ಒಂದೇ ಒಂದು ಮಾತು. ಬೆರಳು ಮರಗಟ್ಟಿತ್ತು, ಬಾಲು ಒಳಗೆ ಹೋಯಿತು, ಹುಡುಗನ ತಪ್ಪಿಲ್ಲ. ಪೂರ್ತಿ ಸುಳ್ಳೂ ಅಲ್ಲದ ಮಾತು. ಅದನ್ನೂ ಮಿನೊಬೆಯೇ ಕಟ್ಟಿಕೊಟ್ಟಿದ್ದಾನೆ. ಕಸುಗಾ ಊಟದ ಹೊತ್ತಿನಲ್ಲಿ ಎರಡು ಸಲ ದೊಯಿಯ ಮೇಜಿನವರೆಗೆ ಹೋದ. ಮೊದಲ ಸಲ ದೊಯಿ ಫೋನಿನಲ್ಲಿದ್ದ. ಎರಡನೆಯ ಸಲ ಫೋನಿನಲ್ಲಿರಲಿಲ್ಲ, ನೂಡಲ್ಸ್ ಹೀರುತ್ತ ತಲೆಯೆತ್ತಿ "ಏನು?" ಎಂದ. "ಸೋಯಾ ಸಾಸ್ ತಗೊಳ್ತೀನಿ" ಎಂದು ಕಸುಗಾ ಸೀಸೆ ಎತ್ತಿಕೊಂಡು ಬಂದ. ತನ್ನ ಮೇಜಿನ ಮೇಲೆ ಆಗಲೇ ಒಂದು ಸೀಸೆ ಇತ್ತು. ಎರಡು ಸೀಸೆಗಳ ಮುಂದೆ ಕೂತು ಅವನು ಅನ್ನ ತಿಂದ. ಹೇಳಿದರೆ ಏನಾಗುತ್ತದೆ? ಹುಡುಗ ಮೇಲೆ ಉಳಿಯುತ್ತಾನೆ, ಉಳಿದು ಮಿನೊಬೆಯ ಹೆಸರು ಹೇಳುತ್ತಾನೆ. ಇಷ್ಟು ಸ್ಪಷ್ಟವಾಗಿ ಯೋಚಿಸಬಲ್ಲ ಮನುಷ್ಯ ತಾನು ಎಂದು ತಿಳಿದಾಗ ಅವನಿಗೆ ನಾಚಿಕೆಯೇನೋ ಆಯಿತು, ಆದರೆ ಎದ್ದು ಹೋಗುವಷ್ಟು ಆಗಲಿಲ್ಲ.

ನಾಲ್ಕು ಗಂಟೆಗೆ ಎಲ್ಲರೂ ಮೈದಾನದ ನಡುವೆ ಸುತ್ತುಗಟ್ಟಿ ನಿಂತು, ಮೂರು ಸಲ ಚಪ್ಪಾಳೆ ತಟ್ಟಿ ಕ್ಯಾಂಪು ಮುಗಿಸಿದರು. ಮೊದಲನೆಯ ತಂಡಕ್ಕೆ ಉಳಿದ ಎಳೆಯನ ಹೆಸರು ಓದಿದರು, ಅದು ಹೋಷಿನಾನದ್ದಾಗಿರಲಿಲ್ಲ. ಕಸುಗಾ ಬಸ್ಸಿನ ಹಿಂದೆ ಸಾಮಾನಿನ ಚೀಲಗಳನ್ನು ಎಣಿಸುವ ನೆಪ ಮಾಡಿಕೊಂಡು ನಿಂತಿದ್ದಾಗ ಹುಡುಗ ಬಂದ. ಬ್ಯಾಟು ಕೈಯಲ್ಲೇ ಇತ್ತು. ಅತ್ತಿದ್ದಾನೆಂದು ಕಣ್ಣು ಹೇಳುತ್ತಿತ್ತು. ಸೊಂಟದವರೆಗೆ ಬಾಗಿ ನಮಸ್ಕರಿಸಿದ.

"ಇವತ್ತು ನಿಮಗೆ ಅವಮಾನ ಮಾಡ್ಬಿಟ್ಟೆ ಕಸುಗಾ ಸಾನ್. ಮ್ಯಾನೇಜರ್ ಮುಂದೆ."

"ನಂಗೇನೋ ಅವಮಾನ?"

"ಅಲ್ಲ, ನಿಮ್ಮ ಬಾಲು ಹೊಡೀಲಿಲ್ಲ ಅಂದ್ರೆ ಇನ್ಯಾರ ಬಾಲು ಹೊಡೀತೀನಿ? ಮಿನೊಬೆ ಸಾನ್‌ದಾದ್ರೆ ಎಲ್ಲಿ ಬರುತ್ತೋ ಅವರಿಗೇ ಗೊತ್ತಿರಲ್ಲ. ಅದಕ್ಕೇ ಅದರಲ್ಲಿ ಜೀವ ಇದೆ, ಒಂದ್ಕಡೆ ಕೂರಲ್ಲ ಅಂತ ಅವರ ಕಾಲೆಳೆದೆ. ಪೇಪರ್‌ನವರು ಅರ್ಧ ಹಾಕಿ ಅರ್ಧ ಬಿಟ್ಟಿದಾರೆ." ಮೂಗು ಒರೆಸಿಕೊಂಡ. "ಅವರು ಹಾಕಿದ್ನ ಹೊಡೆದ್ರೆ ಅದೃಷ್ಟ ಅನ್ಕೋಬಹುದು. ನಿಮ್ಮದು ಹಾಗಲ್ಲ. ನಿಮ್ಮ ಬಾಲು ತಪ್ಪಲ್ಲ. ತಪ್ಪಿದ್ರೆ ನೀವು ಟೋಪಿ ಎತ್ತುತ್ತೀರಿ. ಇವತ್ತು ಒಂದ್ಸಲನೂ ಎತ್ತಲಿಲ್ಲ. ಹಂಗಾಗಿ ಪೂರ್ತಿ ತಪ್ಪು ನಂದೇ ಅಂತ ಗೊತ್ತಾಯ್ತು."

ಕಸುಗಾ ಚೀಲದ ಪಟ್ಟಿಯೊಂದನ್ನು ಬಿಗಿದ. ಬಿಗಿಯಾಗಿಯೇ ಇದ್ದ ಪಟ್ಟಿ.

"ಎರಡನೇ ತಂಡಕ್ಕೆ ನಿಮ್ಮನ್ನೂ ಕಳಿಸಿ ಅಂತ ದೊಯಿ ಸಾನ್‌ನ ಕೇಳ್ಕೊಂಡೆ," ಎಂದ ಹೋಷಿನಾ. "ಕಸುಗಾ ಸಾನ್‌ನೇ ಬೇಕು, ಬೇರೆ ಯಾರೂ ಬೇಡ ಅಂದೆ. ಬೈತಾರೆ ಅನ್ಕೊಂಡಿದ್ದೆ, ಆಯ್ತು ಅಂದ್ರು. ನಿಮಗೆ ಕಷ್ಟ ಆಗುತ್ತೆ, ಗೊತ್ತು. ಆದ್ರೂ ಬರ್ತೀರಾ?"

ತನ್ನ ಹೆಸರು ಆ ಬಾಯಿಂದ ಬಂದಿತ್ತು. ದೊಯಿಯ ಎದುರಿಗೂ ಬಂದಿತ್ತಂತೆ. ಕಸುಗಾನ ಕಣ್ಣಲ್ಲಿ ನೀರು ನಿಂತಿತು, ಅದನ್ನು ಕಂಡು ಹುಡುಗ ಗಾಬರಿಯಾಗಿ ಮತ್ತೆ ತಲೆಬಾಗಿಸಿದ. ಈಗಲೂ ಹೇಳಬಹುದು ಎಂದು ಕಸುಗಾ ಅಂದುಕೊಂಡ. ದೊಯಿ ಇನ್ನೂ ಅಲ್ಲೇ, ಬಸ್ಸಿನ ಬಾಗಿಲ ಬಳಿ ಸಿಗರೇಟು ಸೇದುತ್ತಿದ್ದ, ಇಪ್ಪತ್ತು ಹೆಜ್ಜೆ. "ಬರ್ತೀನಿ" ಎಂದ.

"ಒಂದೇ ಒಂದು ಕೇಳ್ಲಾ? ಇವತ್ತು ನಾನು ಎಲ್ಲಿ ತಪ್ಪಿದೆ? ದೊಯಿ ಸಾನ್‌ಗೂ ಗೊತ್ತಾಗಲಿಲ್ಲವಂತೆ. ನೀವು ಎದುರಿಗಿದ್ರಿ, ನಿಮಗೆ ಕಂಡಿರುತ್ತೆ."

ಹುಡುಗನ ಬೀಸುವಿಕೆಯಲ್ಲಿ ತಪ್ಪೇನೂ ಇರಲಿಲ್ಲ. ಎರಡು ವರ್ಷ ತಾನೇ ಕೂಡಿಸಿದ ಬೀಸು ಅದು, ಹನ್ನೆರಡನೆಯ ಬಾಲಿನವರೆಗೂ ಅದಕ್ಕಿಂತ ಒಳ್ಳೆಯದನ್ನು ಕಸುಗಾ ಕಂಡಿರಲಿಲ್ಲ.

"ಬಲ ಭುಜ," ಎಂದ. "ಬೇಗ ತೆರ್ಕೊಳ್ತಾ ಇದೆ. ಅದನ್ನ ಒಳಗಡೆನೇ ಮುಚ್ಚಿಟ್ಕೋ."

"ಭುಜ," ಎಂದು ಹೋಷಿನಾ ಉಸಿರು ಬಿಟ್ಟ. ಕಾಯಿಲೆಯ ಹೆಸರು ಗೊತ್ತಾದವನ ಹಾಗೆ ಅವನ ಮುಖ ಹಗುರವಾಯಿತು. ಅಲ್ಲೇ ಚೀಲಗಳ ನಡುವೆ ಕಾಲು ಅಗಲಿಸಿ ನಿಂತು, ಬಲ ಭುಜವನ್ನು ಗಲ್ಲದ ಕೆಳಗೆ ಸೇರಿಸಿಕೊಂಡು, ತೋಳು ಎಲ್ಲಿಗೂ ಹೋಗಲಾರದಂತೆ ಕಟ್ಟಿಹಾಕಿಕೊಂಡು, ಒಂದು ಸಲ ಬೀಸಿದ. ಇನ್ನೊಂದು ಸಲ ಬೀಸಿ ಕೇಳಿದ:

"ಹೀಗಾ?"

"ಇನ್ನೂ ಸ್ವಲ್ಪ," ಎಂದ ಕಸುಗಾ.